ಮಾವನ ಪೆಟ್ಟಿಗೆಯಲ್ಲಿ ಇಡೀ ಸಮುದ್ರ

ಅರಬ್ಬೀ ಸಮುದ್ರದಲ್ಲಿ ಯಾವ ಮೀನು ಎಲ್ಲಿ ಉಂಟೆಂದು ಮೀನುಗಳಿಗಿಂತ ಚೆನ್ನಾಗಿ ಬಲ್ಲ ನನ್ನ ಸೋದರಮಾವ, ಅರುವತ್ತು ದಾಟಿದರೂ ಒಂದೇ ಒಂದು ಬಂಗುಡೆಯನ್ನೂ ಹಿಡಿದವರಲ್ಲ! ಮನೆಗೆ ಮೀನು ಬೇಕಾದರೆ ಎಲ್ಲರಂತೆ ಚೀಲ ಹಿಡಿದು ಕಾಪು ಪೇಟೆಗೆ ಹೋಗುತ್ತಾರೆ, ಚೌಕಾಸಿ ಮಾಡಿ ಮೀನಿನ ಹೆಂಗಸರಿಂದ ಬೈಸಿಕೊಂಡು ಬರುತ್ತಾರೆ. ನಂಬುವುದಿಲ್ಲವೇ? ಹಾಗಾದರೆ ಅವರ ಉದ್ಯೋಗ ಏನೆಂದು ಮೊದಲು ಹೇಳಬೇಕು.

ಮಾವ ಬೋಟುಗಳ ಜಿಪಿಎಸ್ ರಿಪೇರಿ ಮಾಡುವವರು. ಮೀನುಗಾರಿಕೆ ಬೋಟಿನಲ್ಲಿ ಚುಕ್ಕಾಣಿಯ ಎದುರು ಒಂದು ಪೆಟ್ಟಿಗೆ ಇರುತ್ತದಲ್ಲ, ಆಕಾಶದ ಉಪಗ್ರಹಗಳನ್ನು ಕೇಳಿ ‘ನೀನೀಗ ಇಂಥಲ್ಲಿ ಇದ್ದೀ’ ಎಂದು ಹೇಳುವಂಥದ್ದು, ಅದಕ್ಕೆ ಇವರೇ ವೈದ್ಯರು. ಮಳೆಗಾಲದ ಎರಡು ತಿಂಗಳು ಬೋಟುಗಳು ದಡದಲ್ಲಿರುವಾಗ ಮಾವನಿಗೆ ಉಸಿರಾಡಲು ಬಿಡುವಿಲ್ಲ. ಉಪ್ಪುಗಾಳಿ ತಿಂದ ವಯರುಗಳನ್ನು ಬದಲಿಸಬೇಕು. ಹಳೆಯ ಪೆಟ್ಟಿಗೆಗಳನ್ನು ಕಿತ್ತು, ನಮ್ಮ ದೇಶದ ಉಪಗ್ರಹಗಳನ್ನೂ ಹಿಡಿಯುವ ಹೊಸ ಪೆಟ್ಟಿಗೆ ಕೂರಿಸಬೇಕು. ಹಳೆಯದರ ಹೊಟ್ಟೆಯಲ್ಲಿದ್ದ ಗುರುತುಗಳನ್ನೆಲ್ಲ ಹೊಸದಕ್ಕೆ ದಾಟಿಸಬೇಕು.

ಇಷ್ಟು ಮಾಡಿದರೆ ಅದು ಉದ್ಯೋಗ. ಮಾವ ಅಷ್ಟಕ್ಕೆ ನಿಲ್ಲುವವರೇ? ಉಪಗ್ರಹಗಳೆಂದರೆ ಅವರಿಗೆ ನೆಂಟರು. ಯಾವುದಕ್ಕೆ ವಯಸ್ಸಾಯಿತು, ಯಾವುದರ ಗಡಿಯಾರ ತಪ್ಪಿ ನಡೆಯುತ್ತಿದೆ, ನೆಲದ ಮೇಲೆ ಕುಳಿತವರು ಅದನ್ನು ಹೇಗೆ ಸರಿಪಡಿಸಿದರು, ಎಲ್ಲ ವರದಿ ಅವರಲ್ಲುಂಟು. ಹಳೆಯದೊಂದು ಉಪಗ್ರಹ ಕೆಲಸ ನಿಲ್ಲಿಸಿತೆಂದು ಕೇಳಿದ ದಿನ ಮಧ್ಯಾಹ್ನದ ಊಟವನ್ನೇ ಬಿಟ್ಟರು. ‘ನನ್ನ ತವರಿನ ದೊಡ್ಡಪ್ಪ ಹೋದಾಗ ಇವರು ಎರಡು ಸಲ ಬಡಿಸಿಕೊಂಡಿದ್ದರು’ ಎಂದು ಅತ್ತೆ ನನ್ನ ಬಳಿ ದೂರಿದರು. ಅದರ ಜಾಗಕ್ಕೆ ಹೊಸದು ಹಾರಿದ ದಿನ ಮಾತ್ರ ಅತ್ತೆಗೆ ಪಾಯಸ ಮಾಡುವ ಶಿಕ್ಷೆ!

ಒಮ್ಮೆ ಕಾರ್ಕಳದಲ್ಲಿ ಮದುವೆ. ಮಣಿಪಾಲದಿಂದ ಬಂದ ನನ್ನನ್ನು ಮಾವ ಕಟಪಾಡಿಯಲ್ಲಿ ಕಾರಿಗೆ ಹತ್ತಿಸಿಕೊಂಡರು. ಎದುರಿಗೆ ಬೋಟಿನ ಹೊಸ ಪೆಟ್ಟಿಗೆ. ಪರೀಕ್ಷೆ ಮಾಡಿದ ಹಾಗೂ ಆಯಿತು, ಮದುವೆಗೆ ಹೋದ ಹಾಗೂ ಆಯಿತು ಎಂದು ಅವರ ಲೆಕ್ಕ. ಆದರೆ ಅದು ಸಮುದ್ರದ ಯಂತ್ರ. ಅದಕ್ಕೆ ರಸ್ತೆ ಎಂದರೇನು ಗೊತ್ತು? ಕಟಪಾಡಿಯಿಂದ ಕಾರ್ಕಳಕ್ಕೆ ಒಂದು ನೇರ ಗೆರೆ ಎಳೆದು, ಇದೇ ಗೆರೆಯಲ್ಲಿ ಬಾ ಎಂದು ಕುಳಿತಿತು. ಗೆರೆ ಬಿಟ್ಟು ಅತ್ತಿತ್ತ ಸರಿದರೆ ಕೀ ಕೀ ಎಂದು ಕೂಗುತ್ತಿತ್ತು. ಗೆರೆಗೆ ಹತ್ತಿರದ ಓಣಿಗಳನ್ನೇ ಹುಡುಕುತ್ತಾ ಹೋದರು ಮಾವ.

“ಮಾವಾ, ಎದುರಿಗೆ ಹೊಳೆ ಬಂದರೆ ಎಂತ ಮಾಡ್ತೀರಿ?” ಎಂದೆ.

“ಹೊಳೆ ಬಂದರೆ ಯಂತ್ರಕ್ಕೆ ಖುಷಿಯೇ ಆಗ್ತದೆ” ಎಂದರು.

ಹೊಳೆ ಬರುವ ಮೊದಲು ಶಂಕರಪುರದಲ್ಲಿ ಯಾರದೋ ಅಂಗಳ ಬಂತು. ಮುಂದೆ ಮಲ್ಲಿಗೆ ಗಿಡಗಳ ಸಾಲು, ದಾರಿ ಮುಗಿಯಿತು. ಹೂ ಕಟ್ಟುತ್ತಿದ್ದ ಹೆಂಗಸು ಎಷ್ಟು ಚೆಂಡು ಮಲ್ಲಿಗೆ ಬೇಕೆಂದು ಕೇಳಿದರು. ಕಾರ್ಕಳಕ್ಕೆ ಹೊರಟವರೆಂದು ಹೇಳಲು ಮಾವನಿಗೆ ಮರ್ಯಾದೆಯ ಪ್ರಶ್ನೆ. ಹೂವಿಗೇ ಬಂದವರಂತೆ ನಾಲ್ಕು ಚೆಂಡು ಕೊಂಡರು. ನಾವು ಮದುವೆ ಹಾಲ್ ಮುಟ್ಟುವಾಗ ಕೊನೆಯ ಪಂಕ್ತಿಗೆ ಮಜ್ಜಿಗೆ ಬಡಿಸುತ್ತಿದ್ದರು.

ಇಂಥವರ ಕೈಗೆ ಜನ ಬೋಟಿನ ಪೆಟ್ಟಿಗೆ ಏಕೆ ಕೊಡುತ್ತಾರೆ? ಅವರ ಬಾಯಿಯ ಮೇಲಿನ ನಂಬಿಕೆಯಿಂದ! ಒಳ್ಳೆಯ ಮೀನು ಸಿಕ್ಕಿದ ಜಾಗವನ್ನು ಬೋಟು ನಡೆಸುವ ತಾಂಡೇಲರು ಪೆಟ್ಟಿಗೆಯಲ್ಲಿ ಗುರುತು ಹಾಕಿಡುತ್ತಾರೆ. ಆ ಗುರುತೇ ಅವರ ಆಸ್ತಿ. ಬೇರೆಯವರು ಬೋಟು ಹತ್ತಿದರೆ ಪೆಟ್ಟಿಗೆಯ ಮೇಲೆ ಹೆಗಲಿನ ಬೈರಾಸು ಮುಚ್ಚುತ್ತಾರೆ. ಬಲೆ ತುಂಬ ಮೀನಿದ್ದರೂ ವಯರ್‌ಲೆಸ್ಸಿನಲ್ಲಿ ‘ಇಲ್ಲಿ ಎಂತದೂ ಇಲ್ಲ ಮಾರಾಯ’ ಎನ್ನುತ್ತಾರೆ. ಹಳೆಯ ಪೆಟ್ಟಿಗೆ ಸತ್ತರೆ ಗುರುತೂ ಸಾಯಬಾರದೆಂದು ಮಾವ ಪ್ರತಿ ಬೋಟಿನದ್ದನ್ನೂ ಒಂದು ಪುಸ್ತಕದಲ್ಲಿ ಬರೆದು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದಾರೆ. ಕೀಲಿಕೈ ಸೊಂಟದ ಉಡಿದಾರದಲ್ಲಿ. ಬಾಯಿ ಬಿಡಿಸಲು ಅಂಜಲ್ ಮೀನು ತಂದುಕೊಟ್ಟವರು ಉಂಟು. ಮಾವ ತೆಗೆದುಕೊಂಡು, ಹುರಿಸಿ, ತಿಂದು, ‘ಇದು ಎಲ್ಲಿ ಸಿಗ್ತದೆ ಅಣ್ಣ?’ ಎಂದು ತಂದವರು ಕೇಳಿದರೆ ‘ಸಮುದ್ರದಲ್ಲಿ’ ಎನ್ನುತ್ತಿದ್ದರು.

ಆ ಬಾಯಿ ಒಂದೇ ಒಂದು ಸಲ ತೆರೆಯಿತು.

ಹೋದ ವರ್ಷ ಒಬ್ಬ ತಾಂಡೇಲರು ಹೇಳಿದ ದಿನಕ್ಕೆ ದಡಕ್ಕೆ ಬರಲಿಲ್ಲ. ತನ್ನ ಜಾಗ ಯಾರಿಗೂ ತಿಳಿಯಬಾರದೆಂದು ವಯರ್‌ಲೆಸ್ ಬಂದ್ ಮಾಡಿಕೊಂಡೇ ಹೋಗುವ ಮನುಷ್ಯ. ಮರುದಿನ ಬೆಳಿಗ್ಗೆ ಗಾಳಿ ಎದ್ದಿತ್ತು. ಅವರ ಹೆಂಡತಿ ಮಾವನ ಮನೆಗೆ ಬಂದರು. ನಾನು ಅಲ್ಲೇ ಇದ್ದೆ.

“ಎಲ್ಲಿಗೆ ಹೋಗ್ತಾರೆ ಅಂತ ನನಗೂ ಹೇಳುವುದಿಲ್ಲ ಅಣ್ಣ. ನಿಮಗೆ ಗೊತ್ತುಂಟಲ್ಲ?” ಎಂದರು.

ಮಾವ ಬೀಗ ತೆಗೆದು ಪುಸ್ತಕ ಎತ್ತಿಕೊಂಡರು. ನಾನೇ ಕಾರು ಓಡಿಸಿದೆ. ಬಂದರಿನಲ್ಲಿ ಹನ್ನೊಂದು ಬೋಟುಗಳವರು ಹೊರಡಲು ತಯಾರಾಗಿ, ದಿಕ್ಕು ತಿಳಿಯದೆ ನಿಂತಿದ್ದರು. ಮಾವ ವಯರ್‌ಲೆಸ್ ಹಿಡಿದು ಆ ತಾಂಡೇಲರ ಏಳು ಜಾಗಗಳನ್ನೂ ಒಂದೊಂದಾಗಿ ಓದಿದರು. ಹನ್ನೊಂದು ಬೋಟಿನವರೂ ತಮ್ಮ ತಮ್ಮ ಪೆಟ್ಟಿಗೆಯಲ್ಲಿ ಗುರುತು ಹಾಕಿಕೊಂಡು ಹೊರಟರು.

ಐದನೆಯ ಜಾಗದ ಹತ್ತಿರ ಬೋಟು ಸಿಕ್ಕಿತು. ಇಂಜಿನ್ ಕೆಟ್ಟು, ಬ್ಯಾಟರಿ ಸತ್ತು, ಗಾಳಿಗೆ ತೇಲುತ್ತಿತ್ತು. ಎಲ್ಲರೂ ಜೀವಂತ! ಸಂಜೆ ದಡಕ್ಕೆ ಬಂದ ತಾಂಡೇಲರ ಕೈ ಹಿಡಿದು ಮಾವ, “ಎಲ್ಲ ಹೇಳಿಬಿಟ್ಟೆ ಮಾರಾಯ, ಏಳನ್ನೂ” ಎಂದರು. ನಿತ್ರಾಣರಾಗಿದ್ದ ಅವರು ಕೈ ಬಿಡಿಸಿಕೊಂಡು ಮನೆಗೆ ನಡೆದರು. ಮಾವ ಅದನ್ನು ಸಿಟ್ಟೆಂದೇ ತಿಳಿದರು. ಎರಡು ದಿನ ರಿಪೇರಿ ಅಂಗಡಿಯ ಬಾಗಿಲು ತೆರೆಯಲಿಲ್ಲ. ಒಬ್ಬನ ಜೀವಮಾನದ ಗಳಿಕೆಯನ್ನು ಹಂಚಿಬಿಟ್ಟೆ ಎಂದು ಕುಳಿತರು. ಜೀವ ಉಳಿಸಿದಿರಲ್ಲ ಎಂದು ನಾವು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯ ದಿನ ನಾಲ್ಕು ಮಂದಿ ತಾಂಡೇಲರು ಮನೆಗೆ ಬಂದರು. ಅವರಲ್ಲಿ ಹಿರಿಯರು ಹೇಳಿದರು: “ಅಣ್ಣ, ನೀವು ಹೇಳಿದ ಏಳು ಜಾಗ ನಮ್ಮ ಹನ್ನೊಂದು ಬೋಟಿನಲ್ಲೂ ಉಳಿದುಂಟು. ನೀವೇ ಬಂದು ಅಳಿಸಿ ಕೊಡಬೇಕು. ನಾವೇ ಅಳಿಸಿದೆವು ಅಂದರೆ ಅವನಿಗೆ ನಂಬಿಕೆ ಬರುವುದು ಹೇಗೆ?”

ಮಾವ ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಹೊರಟರು. ಅತ್ತೆ ಹಿಂದಿನಿಂದ ಓಡಿಬಂದು ಕೊಟ್ಟರು. ಮೊದಲ ಬೋಟು ಹತ್ತಿ ಒಂದೊಂದೇ ಗುರುತು ತೆಗೆಯತೊಡಗಿದರು. ಒಂದು, ಎರಡು, ಮೂರು, ನಾಲ್ಕು. ಆಗ ಬೋಟು ಕಟ್ಟುವ ದಕ್ಕೆಯ ಮೇಲೆ ಕುಳಿತು ನೋಡುತ್ತಿದ್ದ ಆ ತಾಂಡೇಲರು ಎದ್ದು ಬಂದರು.

“ಐದನೆಯದು ಇರಲಿ ಅಣ್ಣ, ಎಲ್ಲ ಬೋಟಿನಲ್ಲೂ” ಎಂದರು. “ಅಲ್ಲಿಗೆ ನನ್ನನ್ನು ಹುಡುಕಿಕೊಂಡು ಬಂದವರು ಇನ್ನು ಮೀನು ಹುಡುಕಿಕೊಂಡೂ ಬರಲಿ.”

ಮಾವ ಪೆಟ್ಟಿಗೆಯ ಮುಂದೆ ಕುಸಿದು ಕುಳಿತು ಮಕ್ಕಳ ಹಾಗೆ ಅತ್ತರು. ಸುತ್ತ ನಿಂತ ಯಾರೂ ನಗಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, ಐದನೆಯದನ್ನು ಬಿಟ್ಟು, ಆರನೆಯದರ ಮೇಲೆ ಬೆರಳಿಟ್ಟರು.