ಬಾಗಲಾ ತಡಿಯಾಕ ಅಕ್ಕ ಬೇಕು

ಫಜೀತಿಗಳು ನನ್ನ ಹುಡುಕ್ಕೊಂಡ ಬರ್ತಾವು, ನಾ ಏನ್ ಅವನ್ನ ಕರಿಯಾಕ ಹೋಗೂದಿಲ್ಲ. ಮೊನ್ನೆ ಒಬ್ಬಾಕಿ ಹುಡುಗಿ ಮನಿಗೆ ಬಂದು, "ಅಮ್ಮಾರ, ನಿಮ್ಮಂಥಾರ ಹಳೇ ಕತಿ ಬರಕೊಳ್ಳಾಕ ಬಂದೇನ್ರಿ, ನಿಮ್ಮ ಕಷ್ಟ ಹೇಳ್ರಿ" ಅಂದ್ಲು. ಕಷ್ಟ ಎಲ್ಲಾ ಅತ್ತು ಮುಗಿಸೇನವ್ವ, ನಗೂದಷ್ಟ ಉಳದೈತಿ, ಅದನ್ನ ಬರಕೋ ಅಂದೆ.

ನಾ ಬೆಟಗೇರಿ ನೇಕಾರರ ಮನ್ಯಾಗ ಗಂಡಮಗ ಅಂತ ಹುಟ್ಟಿದಾಕಿ. ಎಪ್ಪತ್ತರ ದಶಕದ ಮಾತು, ನನ್ನ ಇಪ್ಪತ್ತರ ವಯಸ್ಸಿನ್ಯಾಗ ಎಲ್ಲವ್ವನ ಹೆಸರಲೆ ಮುತ್ತು ಕಟ್ಟಿಸಿಕೊಂಡು, ಸೀರಿ ಉಟ್ಟು ಜೋಗಪ್ಪ ಆದೆ. ಮಂಗಳವಾರ, ಶುಕ್ರವಾರ ಎಲ್ಲವ್ವನ ಪಡ್ಲಿಗಿ ಬುಟ್ಟಿ ಹಿಡಕೊಂಡು ಐದು ಮನಿ ಬೇಡತಿದ್ದೆ. ಉಳಿದ ದಿನ ಮಗ್ಗದ ಕಂಡಿಕಿಗೆ ನೂಲು ಸುತ್ತತಿದ್ದೆ. ಅಪ್ಪ ಮೊದಲ ತೀರಿಕೊಂಡಿದ್ದ. ಮನ್ಯಾಗ ಅವ್ವ, ನಾನು, ನನ್ನ ತಮ್ಮ, ಮೂರ ಮಂದಿ.

ತಮ್ಮನ್ನ ಬಗಲಾಗ ಹೊತ್ತು ಬೆಳಿಸಿದಾಕಿ ನಾನು. ನನಗಿದ್ದದ್ದು ಒಂದ ಆಸೆ. ಅವನ ಲಗ್ನ ಆಗಿ ಮದಲಗಿತ್ತಿ ಹೊಸ್ತಿಲಿಗೆ ಬಂದಾಗ, ಅಕ್ಕ ಆಗಿ ನಾ ಬಾಗಲಾ ತಡೀಬೇಕು. "ನಿಮಗ ಹುಟ್ಟೂ ಮಗಳನ್ನ ನನ್ನ ಮಗಗ ಕೊಡ್ತೀರೇನು?" ಅಂತ ಕೇಳಿ, ಹೂಂ ಅನಿಸಿಕೊಂಡ ಮ್ಯಾಲ ಒಳಗ ಬಿಡೂದು ಅಕ್ಕ-ತಂಗೇರ ಹಕ್ಕು. ಆದ್ರ ಅವ್ವನ ಬಾಯಾಗ ನಾ ಇನ್ನೂ "ದೊಡ್ಡಾಂವ" ಆಗೇ ಇದ್ದೆ.

ನಳದ ಸಾಲು

ಸೀರಿ ಉಟ್ಟ ಮರುದಿನ ಕೊಡಾ ತಗೊಂಡು ಓಣಿ ನಳಕ್ಕ ಹೋದೆ. ಅಲ್ಲಿ ಹೆಂಗಸರದೊಂದು ಸಾಲು, ಗಂಡಸರದೊಂದು ಸಾಲು. ನಾ ಹೆಂಗಸರ ಸಾಲಿನ್ಯಾಗ ನಿಂತೆ. ಮುಂದ ಒಬ್ಬಾಕಿ ಮುದುಕಿ, ಇಡೀ ಓಣ್ಯಾಗ ಬಾಯಿ ಜೋರಂದ್ರ ಆಕಿದು. "ನಿನ್ನೆತನಕ ಆ ಸಾಲಿನ್ಯಾಗ ಇದ್ದಿ, ಅಲ್ಲೇ ಹೋಗು" ಅಂದ್ಲು. ಅಲ್ಲಿ ಹೋದ್ರ ಗಂಡಸರು, "ಸೀರಿ ಉಟ್ಟಾಕಿಗೆ ಇಲ್ಲೇನ ಕೆಲಸ?" ಅಂದ್ರು. ಅತ್ತಿಂದಿತ್ತ ಅಡ್ಡಾಡೂದ್ರಾಗ ನೀರು ನಿಂತ ಹೋತು. ಖಾಲಿ ಕೊಡಾ ತಂದದ್ದಕ್ಕ ಅವ್ವನ ಕಡೆ ಬೈಸಿಕೊಂಡದ್ದು ಬ್ಯಾರೆ.

ಮೂರನೇ ದಿನ ಒಬ್ಬ ಗಂಡಸು ಹೆಂಗಸರ ಸಾಲಿಗೆ ನುಗ್ಗಿ, ಮುದುಕಿ ಕೊಡಾ ಸರಿಸಿ ತನ್ನ ಬಕೀಟ ಇಟ್ಟ. ನನಗ ಸಿಟ್ಟು ನೆತ್ತಿಗೇರಿತು. ಸೆರಗು ಸೊಂಟಕ್ಕ ಸಿಗಿಸಿ ಅವನ ಏಳು ತಲಿಮಾರು ಎಣಿಸಿಬಿಟ್ಟೆ. ಬಕೀಟ ಬಿಟ್ಟು ಓಡಿದ. ಮುದುಕಿ ನನ್ನ ಕೊಡಾ ತಾನ ಎತ್ತಿ ಎಲ್ಲಾರಕಿಂತ ಮುಂದ ಇಟ್ಲು.

"ದನಿ ಗಂಡಸಿಂದು, ಜಗಳ ಹೆಂಗಸಿಂದು. ಇಂಥಾಕಿನ್ನ ಆ ಸಾಲಿಗೆ ಬಿಟ್ಟ ಕೊಡಾಕ ನಮಗೇನ ಹುಚ್ಚ ಹಿಡದೈತಿ?" ಅಂದ್ಲು.

ನಾಲ್ಕನೇದಾಕಿ

ರೇಷನ್ ಕಾರ್ಡಿಗೆ ಹೆಸರು ಬರಕೊಳ್ಳಾಕ ಒಬ್ಬ ಗುಮಾಸ್ತ ಬಂದ. "ನಾನು, ಇಬ್ಬರು ಗಂಡಮಕ್ಕಳು" ಅಂದ್ಲು ಅವ್ವ. ತಮ್ಮನ್ನ ಬರಕೊಂಡು, "ಇನ್ನೊಬ್ಬ ಮಗ ಎಲ್ಲದಾನ?" ಅಂತ ಕೇಳಿದ.

"ಇಲ್ಲೇ ಕುಂತಾನಲ್ಲ" ಅಂತ ಅವ್ವ ನನ್ನ ಕಡೆ ಕೈ ಮಾಡಿದ್ಲು.

"ನಾ ಮಗಳ್ರಿ" ಅಂದೆ.

"ಮಗಾರಿ" ಅಂದ್ಲು ಅವ್ವ.

ಹಿಂಗ ಐದಾರು ಸಲ ಆತು. ಗುಮಾಸ್ತ ಪೆನ್ ಹಿಡಕೊಂಡು ಬೆವರಾಕ ಹತ್ತಿದ. ಅವನ ಮನಿದೇವ್ರೂ ಎಲ್ಲವ್ವನಂತ. "ಮಗ ಅಂತ ಬರದ್ರ ಎಲ್ಲವ್ವ ತಾಯಿ ಸಿಟ್ಟಾಗ್ತಾಳ, ಮಗಳಂತ ಬರದ್ರ ಸಾಹೇಬ್ರು ಸಿಟ್ಟಾಗ್ತಾರ" ಅಂತ ತನ್ನಷ್ಟಕ್ಕ ಅಂದು, ಮಗನ್ನೂ ಬರದ, ಮಗಳನ್ನೂ ಬರದ, ಎದ್ದ ಹೋದ. ಮೂರು ಮಂದಿ ಮನ್ಯಾಗ ನಾಲ್ಕು ಹೆಸರು ಆದ್ವು.

ಕಾರ್ಡ ಬಂದ ಮ್ಯಾಲ ಅವ್ವ ಅಂಗಡಿಗೆ ಹೋಗಿ ಬಂದು, ನಾಲ್ಕು ಮಂದಿ ಪಾಲಿನ ಸಕ್ಕರಿ ಚೀಲ ಕೈಯಾಗ ತೂಗಿ ನೋಡಿದ್ಲು. ನನ್ನ ಮಾರಿ ನೋಡಿ, "ಇರ್ಲಿ ಬಿಡು, ಮಗಳೂ ಒಬ್ಬಾಕಿ ಇರ್ಲಿ. ಚಾದ ಸಕ್ಕರಿಗರ ಆಗ್ತಾಳ" ಅಂದ್ಲು. ಆದ್ರ ಅದು ಮನಿ ಒಳಗಿನ ಮಾತು. ಹೊಸ್ತಿಲ ದಾಟಿದ್ರ ನಾ ಮತ್ತ ದೊಡ್ಡಾಂವನ.

ಮಗ್ಗದ ಕೋಣಿ

ತಮ್ಮಗ ಹಿರೇವಡ್ಡಟ್ಟಿ ಊರಿನ ಹೆಣ್ಣು ಗಟ್ಟಿ ಆತು. ಲಗ್ನ ನಮ್ಮ ಮನಿ ಮುಂದನ. ಹಿಂದಿನ ದಿನ ಅವ್ವ ನನ್ನ ಕೈ ಹಿಡಕೊಂಡ್ಲು. "ನಿನ್ನ ನೋಡಿ ಬೀಗರು ಎದ್ದ ಹೋದ್ರ ನಿನ್ನ ತಮ್ಮನ ಗತಿ ಏನು? ಎಲ್ಲಾ ಮುಗಿಯೂತನಕ ಮಗ್ಗದ ಕೋಣ್ಯಾಗ ಕುಂಡ್ರು, ನಿನಗ ಕೈ ಮುಗೀತೇನಿ." ತಮ್ಮ ಅಲ್ಲೇ ನಿಂತಿದ್ದ, ಒಂದ ಮಾತು ಆಡಲಿಲ್ಲ. ಅವ್ವನ ಮಾತಿಗಿಂತ ಅದು ನನಗ ಹೆಚ್ಚ ಹತ್ತಿತು.

ಮಗ್ಗದ ಕೋಣಿಗೆ ಅಂಗಳದ ಕಡೆ ಬಾಗಲಾ. ಹೊಸಾ ಸೀರಿ ಉಟ್ಕೊಂಡು ಒಳಗ ಕುಂತೆ. ಬೀಗರಿಗೆ ಕಟ್ಟಿ ಕಳಸಾಕ ತೆಗದಿಟ್ಟ ಬುಂದೇ ಉಂಡಿ ಬುಟ್ಟಿ ಒಂದ ನನಗ ಜೋಡಿ. ಹೊರಗ ವಾಜಂತ್ರಿ ಸುರು ಆತು. ಅಷ್ಟರಾಗ ಯಾರೋ ಬಾಗಲಾ ತೆಗದು ಒಬ್ಬಾಕಿನ್ನ ಒಳಗ ದಬ್ಬಿದ್ರು. "ಬೀಗರ ಕಣ್ಣಿಗೆ ಬೀಳಬ್ಯಾಡ, ಇಲ್ಲೇ ಕುಂಡ್ರು" ಅಂತ ಗಂಡಸಿನ ದನಿ ಕೇಳಿಸ್ತು, ಬಾಗಲಾ ಮುಚ್ಚಿತು. ನೋಡ್ತೇನಿ, ಹಸರ ಸೀರಿ, ಕೊಳ್ಳಾಗ ನನ್ನಂಥಾವ ಮುತ್ತು, ನನ್ನಂಗ ಜೋಗಪ್ಪ, ಮಾರಿ ಮ್ಯಾಲ ನನ್ನಷ್ಟ ಸಿಟ್ಟು.

"ನೀ ಯಾರವಾ?" ಅಂದೆ.

"ಮದಲಗಿತ್ತಿ ಅಪ್ಪನ ಬೆನ್ನಿಗೆ ಹುಟ್ಟಿದಾಕಿ. ಅಣ್ಣ ಮುಚ್ಚಿಟ್ಟ. ನೀ?"

"ವರನ ಅಕ್ಕ. ಅವ್ವ ಮುಚ್ಚಿಟ್ಟಾಳ."

ಇಬ್ಬರೂ ಬಾಯಿಗೆ ಸೆರಗು ತುರಕೊಂಡು ನಕ್ಕಿವಿ. ಹೊರಗ ಅಕ್ಕಿಕಾಳು ಬೀಳೂ ಹೊತ್ತಿಗೆ ಅತ್ತಿವಿ. ಅತ್ತ ಮ್ಯಾಲ ಹಸಿವಿ ಆತು.

ಸಂಜಿಗೆ ಮದಲಗಿತ್ತಿ ಹೊಸ್ತಿಲಿಗೆ ಬಂದ್ಲು. "ಬಾಗಲಾ ತಡಿಯಾಕ ಅಕ್ಕ-ತಂಗೇರು ಯಾರೂ ಇಲ್ಲೇನ್ರಿ?" ಅಂತ ಆಕಿ ಅಪ್ಪ ಕೇಳಿದ. "ಇಲ್ಲರಿ" ಅಂದ್ಲು ಅವ್ವ.

"ಅದಾಳ" ಅಂದ ನನ್ನ ತಮ್ಮ. "ನನ್ನ ಹೊತ್ತು ಬೆಳಿಸಿದಾಕಿ ಅದಾಳ. ಆಕಿ ಬಂದು ತಡಿಯೂತನಕ ನಾ ಒಳಗ ಕಾಲಿಡೂದಿಲ್ಲ." ಕಟ್ಟಿದ ಬಾಸಿಂಗದಾಗನ ಬಂದು ಮಗ್ಗದ ಕೋಣಿ ಬಾಗಲಾ ತೆಗದ.

ಒಬ್ಬಾಕಿನ್ನ ಕರದ್ರ ಇಬ್ಬರು ಹೊರಗ ಬಂದ್ವಿ. ಅವ್ವ ಹಸರ ಸೀರಿ ನೋಡಿದ್ಲು, ಬೀಗ ನನ್ನ ನೋಡಿದ. "ಇಕಿ ಯಾರ್ರಿ?" ಅಂತ ಇಬ್ಬರೂ ಒಮ್ಮೆಲೇ ಕೇಳಿದ್ರು. ಮುಚ್ಚಿಟ್ಟಾವ್ರು ಇಬ್ಬರೂ. ಇನ್ನ ಯಾರನ್ನ ನೋಡಿ ಯಾರು ಎದ್ದ ಹೋಗಬೇಕು?

ನಾ ಬಾಗಲಕ್ಕ ಕೈ ಅಡ್ಡ ಹಿಡದು ನಿಂತೆ. "ನನಗ ಮಗ ಇಲ್ಲ, ನಿಮ್ಮ ಮಗಳನ್ನ ಕೇಳೂದಿಲ್ಲ. ಆಕಿ ಲಗ್ನದಾಗ ನನ್ನನ್ನ ಕೋಣ್ಯಾಗ ಕೂಡಸೂದಿಲ್ಲ ಅಂತ ಮಾತು ಕೊಡ್ರಿ, ಒಳಗ ಬಿಡ್ತೇನಿ" ಅಂದೆ.

ಮದಲಗಿತ್ತಿ ತಲಿ ತಗ್ಗಿಸಿಕೊಂಡು, "ಕೊಟ್ಟೇವ್ರಿ ಅಕ್ಕಾರ" ಅಂದ್ಲು. ಅವ್ವ ಮಾತ್ರ ಮಗ್ಗದ ಕೋಣ್ಯಾಗ ಹಣಿಕಿ ಹಾಕಿ, ಬುಟ್ಟಿ ನೋಡಿ, ಹೊಳ್ಳಿ ಬಂದು ನೆರೆದ ಮಂದಿಗೆಲ್ಲಾ ಕೇಳೂವಂಗ ಅಂದ್ಲು:

"ನಾನೂ ಮಾತು ಕೊಟ್ಟೆ, ಇನ್ನೆಂದೂ ಕೂಡಸೂದಿಲ್ಲ. ಬೀಗರಿಗಂತ ಇಟ್ಟ ಉಂಡಿ ಅರ್ಧಾ ಬುಟ್ಟಿ ತಿಂದ ಕುಂತಾಳ ನನ್ನ ಮಗಳು."