ಮೇಡಂ ತೇಗಿಗೆ ಮದ್ದು

ನಮ್ಮ ಮನೆಯಿಂದ ಇನ್ನು ಮುಂದೆ ವಾಯುಮಂಡಲಕ್ಕೆ ಚೂರು ಮೀಥೇನ್ ಕೂಡ ಸೇರಕೂಡದು! ಹೀಗೆಂದು ನಾನು ಹಿತ್ತಿಲಲ್ಲಿ ನಿಂತು ಘೋಷಿಸಿದಾಗ ಕೇಳಿಸಿಕೊಂಡವರು ಇಬ್ಬರೇ: ನನ್ನ ಹೆಂಡತಿ ಮತ್ತು ಅವಳ ಹಸು. ಹಸು ತೇಗಿತು.

"ನೋಡಿದೆಯಾ? ಭೂಮಿಯನ್ನ ಬಿಸಿ ಮಾಡೋ ಅನಿಲ ಇದೇ!" ಎಂದೆ.

"ಊಟ ಮಾಡಿದವರು ತೇಗದೆ ಭಾಷಣ ಮಾಡ್ತಾರಾ?" ಎಂದಳು.

ನಾನು ಪಶು ಆಹಾರ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೇನೆ. ಹಸುವಿನ ಜೀರ್ಣಶಕ್ತಿ ಹೆಚ್ಚಿಸಿ, ತೇಗಿನಲ್ಲಿ ಹೊರಬೀಳುವ ಮೀಥೇನನ್ನು ತಗ್ಗಿಸುವ ಪುಡಿ ನಮ್ಮ ವಿಭಾಗದ್ದು. ಬೆಳ್ಳುಳ್ಳಿಯ ಸತ್ವ, ಜೊತೆಗೆ ಒಂದಿಷ್ಟು ಕಹಿ ತೊಗಟೆ. 'ಮೊದಲು ಚಿಟಿಕೆಯಷ್ಟೇ ಕೊಡಿ, ರೂಢಿಯಾದ ಮೇಲೆ ಹೆಚ್ಚಿಸಿ' ಎಂದು ಚೀಲದ ಮೇಲೆ ದಪ್ಪಕ್ಷರದಲ್ಲಿದೆಯಲ್ಲ, ಆ ವಾಕ್ಯ ಬರೆದ ಮಹಾಶಯ ನಾನೇ.

ಹಸುವಿಗೆ ಮನೆಯಲ್ಲಿ ಮೇಡಂ ಎಂದೇ ಹೆಸರು. ಎರಡು ಸಲ ಕರೆಯದೆ ತಿರುಗಿ ನೋಡುವವಳಲ್ಲ. ತಾಯಿಯಿಲ್ಲದ ಕರುವಾಗಿದ್ದವಳನ್ನು ನನ್ನ ಹೆಂಡತಿ ಬಾಟಲಿ ಹಾಲು ಕುಡಿಸಿ ಸಾಕಿದ್ದು. ಈಗಲೂ ಬೆಳಗಾದರೆ ಅವಳ ಅಂಗೈಯಿಂದ ಬೆಲ್ಲ ಬೆರೆಸಿದ ತೌಡಿನ ಉಂಡೆ ತಿಂದ ಮೇಲೆಯೇ ಹಾಲು ಕೊಡುವುದು.

ಮೊದಲು ಪುಡಿಯನ್ನು ಹಿಂಡಿಗೆ ಬೆರೆಸಿದೆ. ಮೇಡಂ ಹಿಂಡಿಯನ್ನಷ್ಟೇ ನಾಲಿಗೆಯಲ್ಲಿ ಆರಿಸಿ ತಿಂದು, ಪುಡಿಯನ್ನು ಬಾನಿಯ ತಳದಲ್ಲಿ ನನಗೆಂದು ಉಳಿಸಿದ್ದಳು. ಅಷ್ಟು ಅಚ್ಚುಕಟ್ಟಾಗಿ ಜರಡಿ ಹಿಡಿಯಲು ನಮ್ಮ ಲ್ಯಾಬಿನ ಯಂತ್ರಕ್ಕೂ ಬಾರದು! ವಿಜ್ಞಾನಕ್ಕೇ ಸವಾಲೇ? ಮರುದಿನ ಎಲ್ಲರಿಗಿಂತ ಮೊದಲೆದ್ದು, ಹೆಂಡತಿ ಕಟ್ಟಿಟ್ಟಿದ್ದ ಉಂಡೆಗಳಲ್ಲಿ ಗುಳಿ ತೋಡಿ, ಪುಡಿ ತುಂಬಿ, ಮೊದಲಿನಂತೆ ನುಣ್ಣಗೆ ಉರುಟಾಗಿಸಿದೆ. ಚಿಟಿಕೆಯಷ್ಟೇ? ಅದು ಗಿರಾಕಿಗಳಿಗೆ! ಪುಡಿ ತಯಾರಿಸಿದವನಿಗೆ ಯಾರ ಅಪ್ಪಣೆ? ಧಾರಾಳವಾಗಿ ಗಿಡಿದೆ.

ಹೆಂಡತಿಯ ಕೈ ಕಂಡದ್ದೇ ಮೇಡಂ ಮೂಸಿ ಕೂಡ ನೋಡದೆ ಉಂಡೆ ನುಂಗಿದಳು. ಮೂಸಿ ಕೂಡ ನೋಡದೆ!

ಮಧ್ಯಾಹ್ನಕ್ಕೆ ಮೆಲುಕು ನಿಂತಿತು. ತೇಗೂ ನಿಂತಿತು. ಮೀಥೇನ್ ಶೂನ್ಯ, ಪ್ರಯೋಗ ಅಮೋಘ; ಹಸು ಮಾತ್ರ ನಗಾರಿಯಂತೆ ಉಬ್ಬಿತ್ತು! ಪಶುವೈದ್ಯೆ ಓಡಿಬಂದು, ಗಂಟಲಲ್ಲಿ ಕೊಳವೆ ಇಳಿಸಿ ಗಾಳಿ ಹೊರಡಿಸಿದರು.

"ಹೊಸದೇನಾದ್ರೂ ತಿನ್ನಿಸಿದ್ರಾ?"

"ಇವತ್ತು ನನ್ನ ಕೈಯ ಉಂಡೆ ಬಿಟ್ಟು ಬೇರೇನೂ ತಿಂದಿಲ್ಲ ಡಾಕ್ಟ್ರೇ," ಎಂದಳು ಹೆಂಡತಿ. ಅವಳ ಧ್ವನಿ ಇಳಿದಿತ್ತು. "ನಾನೇ ಏನೋ ಎಡವಟ್ಟು ಮಾಡಿರ್ಬೇಕು."

ಬಾಯಿ ಬಿಡಬೇಕಾದ ಹೊತ್ತು ಅದೇ. ನಾನು ಕೊಟ್ಟಿಗೆಯ ತಗಡಿಗೆ ಎಲ್ಲೆಲ್ಲಿ ತುಕ್ಕು ಹಿಡಿದಿದೆ ಎಂದು ಕತ್ತೆತ್ತಿ ಪರೀಕ್ಷಿಸುತ್ತಿದ್ದೆ.

ಮೇಡಂ ಚೇತರಿಸಿಕೊಂಡಳು. ಹುಲ್ಲು ತಿಂದಳು, ನೀರು ಕುಡಿದಳು. ಆದರೆ ಹೆಂಡತಿ ಹೊಸ ಉಂಡೆ ಕಟ್ಟಿ ಅಂಗೈ ಚಾಚಿದರೆ ಮುಖ ತಿರುಗಿಸಿದಳು.

"ನಾನೇ ಕಣೇ! ನೋಡೇ ಇಲ್ಲಿ... ನಾನೇ!"

ಚಾಚಿದ ಕೈ ಚಾಚಿಯೇ ಇತ್ತು. ಬೆಲ್ಲ ಕೆಟ್ಟಿರಬೇಕೆಂದು ಹೆಂಡತಿ ಡಬ್ಬಿಯಲ್ಲಿ ಉಳಿದಿದ್ದ ಅಂದಿನ ಉಂಡೆಯೊಂದನ್ನು ತಾನೇ ಕಚ್ಚಿ ನೋಡಿದಳು. ಥೂ ಎಂದು ಉಗಿದಳು. ಆಮೇಲೆ ನನ್ನ ಬಳಿ ಬಂದು ತೋಳು ಮೂಸಿದಳು.

"ರೀ, ಇದು ನಿಮ್ಮ ಶರ್ಟಿನ ವಾಸನೆ!"

"ಅದು... ಜೀರ್ಣಕ್ಕೆ ಒಳ್ಳೇದು."

"ಅವಳು ನನ್ನ ಕೈ ನಂಬಿದ್ಲು. ಆ ಕೈಯನ್ನೇ ನೀವು ಚಮಚ ಮಾಡ್ಕೊಂಡ್ರಲ್ಲ ರೀ!"

ಬೈದಿದ್ದರೆ ಎಷ್ಟೋ ವಾಸಿ. ಅವಳು ಕೈ ತೊಳೆಯಲು ಹೋದಳು. ಬಚ್ಚಲಲ್ಲಿ ಬಹಳ ಹೊತ್ತು ನೀರಿನ ಸದ್ದು ಕೇಳುತ್ತಿತ್ತು.

ಪರಿಹಾರವನ್ನು ಕಂಡುಹಿಡಿದವಳೂ ಅವಳೇ. ಈಗ ದಿನಾ ಬೆಳಗ್ಗೆ ಮೇಡಂ ಎದುರು ಉಂಡೆ ಎರಡು ಹೋಳಾಗುತ್ತದೆ. ಮೊದಲ ಹೋಳು ನನಗೆ. ತೌಡು ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮೇಡಂ ಕಿವಿ ನಿಗುರಿಸಿ, ನಾನಿನ್ನೂ ನೆಟ್ಟಗೆ ನಿಂತಿದ್ದೇನೆಯೇ ಎಂದು ನೋಡುತ್ತಾಳೆ. ಅದು ಖಾತ್ರಿಯಾದ ಮೇಲೆ ನಿಧಾನವಾಗಿ ಹೆಂಡತಿಯ ಅಂಗೈ ಕಡೆಗೆ ಮೂತಿ ಚಾಚುತ್ತಾಳೆ.

ನಿನ್ನೆ ಮೇಡಂ ಅರ್ಧ ದಾರಿಯಲ್ಲೇ ತಡೆದು ನಿಂತಳು; ನಾನು ಬಾಯಿಗೆ ಕೈ ಅಡ್ಡ ಹಿಡಿದಿದ್ದೆ.

"ಆ ಕೈ ತೆಗೀರಿ," ಎಂದು ಗದರಿದಳು ಹೆಂಡತಿ. "ಬಾಯಿ ಪೂರ್ತಿ ತೆಗೀರಿ ರೀ! ನುಂಗಿದೀರೋ ಇಲ್ವೋ, ಮೇಡಂ ನೋಡ್ಲಿ!"