ಪೆಡಲನ್ನು ಒಂದೇ ಸಲ ಒತ್ತಿ

ಹಳೆಯ ಕಾರು ಇಟ್ಟುಕೊಂಡವರು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಅವು ತಾವಾಗಿಯೇ ಬರುತ್ತವೆ. ಬಾರದೆ ಉಳಿಯುವುದು ಕಾರು ಮಾತ್ರ.

ನಮ್ಮ ಕಾರು ನನಗಿಂತ ಎರಡು ವರ್ಷ ಹಿರಿಯದು. ದೇಶ ಬಿಟ್ಟು ಹೊರಟಿದ್ದ ವಿದೇಶೀ ಎಂಜಿನಿಯರೊಬ್ಬರಿಂದ ನನ್ನ ತಂದೆ ಅದನ್ನು ಕೊಂಡಿದ್ದರು. ಕಂಪನಿಯ ಹೆಸರು ಹೇಳಿದರೆ ಜಾಹೀರಾತಾದೀತು, ನಡತೆ ಹೇಳಿದರೆ ಮಾನನಷ್ಟವಾದೀತು. ಆದ್ದರಿಂದ ಬರಿಯ ಕಾರು ಎನ್ನುತ್ತೇನೆ. ಹಲಸೂರು ಕೆರೆಯ ಹಿಂದಿನ ನಮ್ಮ ಮನೆಯಲ್ಲಿ ಅದಕ್ಕೊಂದು ಷೆಡ್ಡಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ನನಗೆ ಪಿಂಚಣಿಯಿದೆ. ನಿವೃತ್ತಿಯನ್ನು ಇಬ್ಬರೂ ಮನಸ್ಸಿನಿಂದ ಒಪ್ಪಿಕೊಂಡಿಲ್ಲ.

ಈ ವರ್ಷ ಅದರ ನೋಂದಣಿ ನವೀಕರಣವಾಗಬೇಕಿತ್ತು. ಇನ್‌ಸ್ಪೆಕ್ಟರರ ಕಣ್ಣೆದುರು ಎಂಜಿನ್ ಸಲೀಸಾಗಿ ಚಾಲೂ ಆಗಿ, ನಿಂತಲ್ಲೇ ಸಮನಾಗಿ ಓಡಬೇಕು. ನಮ್ಮ ಕಾರಿಗೆ ಚಾಲೂ ಆಗುವುದೂ ಕಷ್ಟ, ಚಾಲೂ ಆದ ಮೇಲೆ ಸಮನಾಗಿ ಓಡುವುದು ಇನ್ನೂ ಕಷ್ಟ. ಇಂದಿರಾನಗರದಲ್ಲಿರುವ ನನ್ನ ತಮ್ಮನಿಗೆ ಕಾರಿನಲ್ಲಿ ಅರ್ಧ ಪಾಲು. ಅವನು ಒಂದು ಭಾನುವಾರ ಬಂದು ಕುಳಿತ.

"ಅಕ್ಕಾ, ನಮ್ಮ ರಸ್ತೇಲಿ ಒಂದು ಹೋಟೆಲ್‌ನವ್ರು ಕೇಳ್ತಿದ್ದಾರೆ. ಮುಂದಿನ ಅರ್ಧ ಕತ್ತರಿಸಿ ಗೋಡೆಗೆ ಹಾಕ್ತಾರಂತೆ. ಹೆಡ್‌ಲೈಟ್ ಉರೀತಿರುತ್ತೆ. ನೋಡೋಕೆ ಚೆನ್ನಾಗಿರುತ್ತೆ."

"ಹಿಂದಿನ ಅರ್ಧ?"

"ಸೋಫಾ."

"ಡಿಕ್ಕಿ?"

"ಅದ್ರಲ್ಲಿ ಐಸ್ ಇಡ್ತಾರೆ ಅಕ್ಕಾ."

ತಪಾಸಣೆಗೆ ಒಂದು ತಿಂಗಳಿತ್ತು. ಪಾಸಾದರೆ ಷೆಡ್ಡಿನಲ್ಲಿ, ಫೇಲಾದರೆ ಗೋಡೆಯಲ್ಲಿ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಹೋಗಿ ಸ್ವಲ್ಪ ಹೊತ್ತು ಕಾರಿನ ಪಕ್ಕದಲ್ಲಿ ನಿಂತೆ.

೧. ಪಂದ್ಯ

ಚೋಕ್ ಎಂದರೆ ತಣ್ಣನೆಯ ಎಂಜಿನ್ನಿಗೆ ಬೆಳಗಿನ ಕಂಬಳಿ. ಕಾರ್ಬುರೇಟರಿನ ಬಾಯಲ್ಲಿ ಒಂದು ಪುಟ್ಟ ಮುಚ್ಚಳವಿರುತ್ತದೆ. ಅದು ಮುಚ್ಚಿಕೊಂಡರೆ ಒಳಗೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು. ಬೇರೆ ಹಳೆಯ ಕಾರುಗಳಲ್ಲಿ ಒಂದು ಗುಂಡಿಯನ್ನು ಕೈಯಿಂದ ಎಳೆಯಬೇಕು. ನಮ್ಮದು ಆಟೊಮ್ಯಾಟಿಕ್. ಕೀಲಿ ತಿರುಗಿಸುವ ಮುನ್ನ ಆಕ್ಸಿಲರೇಟರ್ ಪೆಡಲನ್ನು ಒಂದೇ ಸಲ ಪೂರ್ತಿ ಒತ್ತಿ ಬಿಟ್ಟರೆ ಮುಚ್ಚಳ ಮುಚ್ಚಿಕೊಳ್ಳುತ್ತದೆ. ಎಂಜಿನ್ ಬಿಸಿಯಾದಂತೆ ಸುರುಳಿಯಾಕಾರದ ಸ್ಪ್ರಿಂಗೊಂದು ಅದನ್ನು ಮೆಲ್ಲನೆ ತೆರೆಯುತ್ತದೆ. ಒಂದಕ್ಕಿಂತ ಹೆಚ್ಚು ಸಲ ಒತ್ತಿದರೆ ಎಂಜಿನ್ ಪೆಟ್ರೋಲಿನಲ್ಲಿ ಮುಳುಗುತ್ತದೆ. ಮುಚ್ಚಳ ತೆರೆಯಬೇಕಾದ ಹೊತ್ತಿಗೆ ತೆರೆಯದಿದ್ದರೆ, ನಿಂತಲ್ಲೇ ಅಬ್ಬರಿಸುತ್ತದೆ.

ಹಾಗೆ ಅಬ್ಬರಿಸುವ ಕಾರಿನಲ್ಲಿ ಒಂದು ಬೆಳಿಗ್ಗೆ ಹಲಸೂರಿನ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ದಪ್ಪ ಬೈಕೊಂದರ ಮೇಲೆ ಗಡ್ಡಧಾರಿಯೊಬ್ಬ. ಅವನು ನನ್ನನ್ನು ನೋಡಿದ. ನನ್ನ ಎಂಜಿನ್ ಇನ್ನಷ್ಟು ಗರ್ಜಿಸಿತು. ಅವನೂ ತನ್ನ ಬೈಕು ಗರ್ಜಿಸುವಂತೆ ಮಾಡಿದ.

"ಓಹೋ! ಬರ್ತೀರಾ ಆಂಟಿ?"

ಉತ್ತರ ಕೊಡುವುದು ನನ್ನ ಘನತೆಗೆ ತಕ್ಕದ್ದಲ್ಲವೆಂದು ಎದುರಿಗೆ ನೋಡುತ್ತ ಕುಳಿತೆ. ಅದನ್ನು ಅವನು ಒಪ್ಪಿಗೆಯೆಂದು ತಿಳಿದ. ಹಸಿರು ದೀಪ ಬಂದದ್ದೇ ಬಾಣದಂತೆ ಹಾರಿದ. ನನ್ನ ಕಾರು ಕೊನೆಯದಾಗಿ ಒಮ್ಮೆ ಗುಡುಗಿ, ನಿಂತುಹೋಯಿತು.

ಅದನ್ನು ಮತ್ತೆ ಹೊರಡಿಸಿ ಮುಂದಿನ ತಿರುವು ತಲುಪುವಾಗ ಅವನು ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಸಂಚಾರಿ ಪೇದೆಯ ಮುಂದೆ ನಿಂತಿದ್ದ. ನನ್ನನ್ನು ಕಂಡೊಡನೆ ಬೆರಳು ತೋರಿಸಿದ.

"ಸಾರ್, ಸತ್ಯವಾಗ್ಲೂ ಸಾರ್, ಈ ಆಂಟೀನೇ ರೇಸಿಗೆ ಕರ್ದಿದ್ದು!"

ಪೇದೆ ಬಗ್ಗಿ ಕಿಟಕಿಯೊಳಗೆ ನೋಡಿದರು. ನರೆತ ಕೂದಲು, ಗಂಜಿ ಹಾಕಿದ ಹತ್ತಿ ಸೀರೆ, ಪಕ್ಕದ ಸೀಟಿನಲ್ಲಿ ಎರಡು ಕಟ್ಟು ದಂಟಿನ ಸೊಪ್ಪು. ನೆಟ್ಟಗೆ ನಿಂತು, ಅವನತ್ತ ತಿರುಗಿ ಕೇಳಿದರು:

"ಅದಿರ್ಲಿ, ಗೆದ್ದಿದ್ದು ಯಾರು?"

೨. ಸುರುಳಿಯ ಪಾಠ

ಆ ಸುರುಳಿ ಸ್ಪ್ರಿಂಗು ಒಂದಕ್ಕೊಂದು ಅಂಟಿಸಿದ ಎರಡು ಲೋಹಗಳ ಪಟ್ಟಿ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ, ಪಟ್ಟಿ ಬಾಗುತ್ತದೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ನಾನು ಬರೆದ ಚಿತ್ರ ನಮ್ಮ ಷೆಡ್ಡಿನಲ್ಲೇ ದುಡಿಯುತ್ತಿದೆ ಎಂದು ಕಾರಿನ ಕೈಪಿಡಿಯಿಂದ ತಿಳಿದಾಗ, ಇನ್ನು ಮೆಕ್ಯಾನಿಕ್ಕಿನ ಅಗತ್ಯವೇನು ಎನಿಸಿತು. ಮೂರು ಸ್ಕ್ರೂ ಸಡಿಲಿಸಿ, ಸುರುಳಿಯ ಮೇಲಿನ ದುಂಡು ಮುಚ್ಚಳವನ್ನು ಅಂಚಿನ ಅಳತೆಯ ಎರಡು ಗೆರೆಯಷ್ಟು ತಿರುಗಿಸಿ, ಸ್ಕ್ರೂ ಬಿಗಿಮಾಡಿದೆ. ಐದು ನಿಮಿಷದ ಕೆಲಸ. ಕೈಗೆ ಜಿಡ್ಡು ಕೂಡ ಹೆಚ್ಚಾಗಿ ಅಂಟಲಿಲ್ಲ.

ಎಂಜಿನ್ ಚಾಲೂ ಆಯಿತು. ಅದರ ಹಿಂದೆಯೇ ಷೆಡ್ಡಿನಿಂದ ಇದ್ದಿಲಿನಂಥ ಕಪ್ಪು ಹೊಗೆ ಹೊರಟು, ಕಾಂಪೌಂಡು ದಾಟಿ, ಪಕ್ಕದ ಮನೆಯವರು ಬಿಸಿಲಿಗೆ ಇಟ್ಟಿದ್ದ ಅಕ್ಕಿ ಸಂಡಿಗೆಯ ಮೇಲೆ ಇಳಿಯಿತು. ಕೆಮ್ಮುತ್ತ ಹೊರಗೆ ಬಂದೆ. ಆಕೆ ಸಂಡಿಗೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಕ್ಷಮಿಸಬೇಕು," ಎಂದೆ.

"ಪರವಾಗಿಲ್ಲ ಬಿಡಿ ಮೇಡಂ. ಈ ಸಲ ಎಳ್ಳು ಹಾಕೋದು ಮರ್ತಿದ್ದೆ. ಈಗ ಹಾಕ್ದಂಗೇ ಇದೆ."

ಅಂದು ಮಧ್ಯಾಹ್ನವೇ ಶಿವಾಜಿನಗರದ ಹಳೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಎಪ್ಪತ್ತು ದಾಟಿದ ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವರು ಆಟೋದಲ್ಲಿ ಬಂದು ಬಾನೆಟ್ಟಿನೊಳಗೆ ತಲೆಯಿಟ್ಟರು. ನನ್ನ ಕೆಲಸ ಅಜ್ಞಾನದ್ದಲ್ಲವೆಂದು ಅವರಿಗೆ ತಿಳಿಯಲಿ ಎಂಬ ಉದ್ದೇಶದಿಂದ ಎರಡು ಲೋಹಗಳ ಪಾಠವನ್ನು ಆದಿಯಿಂದ ಅಂತ್ಯದವರೆಗೆ ಒಪ್ಪಿಸಿದೆ. ಪಾಠ ಮುಗಿದ ಮೇಲೆ ಹೆಗಲ ಮೇಲಿನ ಬಟ್ಟೆಯಿಂದ ದುಂಡು ಮುಚ್ಚಳವನ್ನು ಉಜ್ಜಿದರು. ಅರವತ್ತು ವರ್ಷದ ಜಿಡ್ಡಿನಡಿಯಿಂದ ಒಂದು ಬಾಣದ ಗುರುತು ಎದ್ದು ಬಂದಿತು.

"ಮಾಶಾಲ್ಲಾ, ಎಷ್ಟು ಚೆನ್ನಾಗಿ ಹೇಳಿದ್ರಿ ಮೇಡಂ," ಎಂದರು. "ತಿರುಗ್ಸಿದ್ದು ಮಾತ್ರ ಉಲ್ಟಾ."

೩. ಎರಡು ಬಗೆಯ ಅಳತೆ

ಚೋಕ್ ಸರಿಹೋಯಿತು. ಉಳಿದದ್ದು ಐಡ್ಲಿಂಗ್, ಎಂದರೆ ಕಾರು ನಿಂತಿರುವಾಗ ಎಂಜಿನ್ ತಿರುಗುವ ವೇಗ. ಅದಕ್ಕೊಂದು ಬೇರೆ ಸ್ಕ್ರೂ. ಬಿಗಿಮಾಡಿದರೆ ಅಬ್ಬರ, ಸಡಿಲಿಸಿದರೆ ಮರಣ. ನಡುವೆ ಎಲ್ಲೋ ಒಂದು ಕಡೆ ಬದುಕು. ಉಸ್ತಾದ್ ಮೂಲೆಯ ಅಂಗಡಿಯಿಂದ ಒಂದು ಲೋಟ ಚಹ ತರಿಸಿ, ಅಂಚಿನವರೆಗೆ ತುಂಬಿದ್ದ ಅದನ್ನು ಎಂಜಿನ್ನಿನ ಮೇಲಿನ, ಗಾಳಿ ಸೋಸುವ ದುಂಡು ಡಬ್ಬಿಯ ಮೇಲೆ ಇಟ್ಟರು.

"ಇದೇನು ಉಸ್ತಾದರೇ?"

"ಚಾ ಅಲ್ಲಾಡ್ಬಾರ್ದು ಮೇಡಂ. ಚಾ ನಿಂತ್ರೆ ಎಂಜಿನ್ ನಿಂತಂಗೆ. ಅಂದ್ರೆ ನಿಲ್ಲಲ್ಲ, ಓಡುತ್ತೆ. ಆದ್ರೆ ನಿಂತಂಗೆ ಓಡುತ್ತೆ."

ಇದು ವಿಜ್ಞಾನವಲ್ಲವೆಂದು ನಯವಾಗಿ ಹೇಳಿ, ಎಂಜಿನ್ನಿನ ಸುತ್ತುಗಳನ್ನು ಎಣಿಸುವ ನನ್ನ ಹೊಸ ಮೀಟರನ್ನು ತಂದೆ. ಅವರು ಅದರತ್ತ ನೋಡಲೇ ಇಲ್ಲ. ಕಣ್ಣು ಚಹದ ಮೇಲೆ, ಕೈ ಸ್ಕ್ರೂ ಮೇಲೆ. ಕೂದಲೆಳೆಯಷ್ಟು ತಿರುಗಿಸುವರು, ಕಾಯುವರು, ಮತ್ತೆ ತಿರುಗಿಸುವರು. ಕೊನೆಗೆ ಚಹದ ಮೇಲಿನ ಅಲೆಯೆಲ್ಲ ಅಡಗಿ, ಷೆಡ್ಡಿನ ಹೆಂಚಿನ ಪ್ರತಿಬಿಂಬ ಅದರಲ್ಲಿ ಕದಲದೆ ನಿಂತಿತು. ನಾನು ಮೀಟರ್ ನೋಡಿದೆ. ಕೈಪಿಡಿಯಲ್ಲಿ ಏನಿತ್ತೋ ಅದೇ ಅಂಕಿ. ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಕಡಿಮೆಯಿಲ್ಲ.

"ನೋಡಿದಿರಾ, ಮೀಟರೂ ಅದನ್ನೇ ಹೇಳುತ್ತಿದೆ," ಎಂದೆ, ಗೆಲುವನ್ನು ಸಮಪಾಲು ಮಾಡುವ ಔದಾರ್ಯದಿಂದ.

ಉಸ್ತಾದ್ ಮೀಟರನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ಹಿಂದಿರುಗಿಸಿದರು.

"ಒಳ್ಳೆ ಮಾಲು ಮೇಡಂ. ಆದ್ರೆ ಕೆಲ್ಸ ಮುಗಿದ ಮೇಲೆ ಇದನ್ನ ಕುಡಿಯೋಕ್ ಬರಲ್ಲ," ಎಂದು ಲೋಟವೆತ್ತಿ ಗುಟುಕರಿಸಿದರು.

೪. ತಜ್ಞರ ಸಭೆ

ತಪಾಸಣೆಗೆ ಒಂದು ವಾರವಿರುವಾಗ, ಕಮರ್ಷಿಯಲ್ ಸ್ಟ್ರೀಟಿನ ತುದಿಯಲ್ಲಿ, ಉರಿಬಿಸಿಲಿನಲ್ಲಿ ಕಾರು ನಿಂತುಹೋಯಿತು. ಬಿಸಿ ತಡೆಯಲಾರದೆ ನಿಂತದ್ದು. ಕಾಲು ಗಂಟೆ ತಣಿದರೆ ತಾನೇ ಹೊರಡುತ್ತದೆಂದು ನನಗೆ ಗೊತ್ತಿತ್ತು; ಬಾನೆಟ್ ಎತ್ತಿಟ್ಟು ಕಾದೆ. ಕಾಲು ಗಂಟೆ ಸುಮ್ಮನೆ ನಿಲ್ಲಲು ಈ ನಗರ ಯಾರನ್ನೂ ಬಿಡುವುದಿಲ್ಲ. ಮೊದಲು ಬಂದವರು ಬಟ್ಟೆ ಅಂಗಡಿಯ ಯಜಮಾನರು.

"ಬ್ಯಾಟ್ರಿ ಹೋಗಿದೆ."

"ಬ್ಯಾಟ್ರಿ ಅಲ್ರೀ, ಪ್ಲಗ್ಗು," ಎಂದರು ಒಬ್ಬ ನಿವೃತ್ತ ಹವಾಲ್ದಾರರು. "ಮಿಲಿಟ್ರೀಲಿ ಇಂಥ ನೂರು ಗಾಡಿ ನೋಡಿದ್ದೀನಿ."

"ನೂರು ಗಾಡಿ ನೋಡಿದ್ರೆ ಪ್ಲಗ್ಗು ಅಂತಿರ್ಲಿಲ್ಲ ಬಿಡಿ. ಪೆಟ್ರೋಲ್ ಖಾಲಿ," ಎಂದ ಆಟೋ ಚಾಲಕ.

"ಏನ್ ಗುರು, ನಿನ್ ಗಾಡೀಲಿ ಪೆಟ್ರೋಲ್ ಖಾಲಿ ಅಂತ ಎಲ್ಲರ ಗಾಡೀಲೂ ಖಾಲೀನಾ?" ಎಂದರು ಬಟ್ಟೆ ಅಂಗಡಿಯವರು.

ಪ್ಲಗ್ಗಿನಿಂದ ಪೆಟ್ರೋಲಿಗೆ, ಪೆಟ್ರೋಲಿನಿಂದ ಅದರ ಬೆಲೆಗೆ, ಬೆಲೆಯಿಂದ ಸರ್ಕಾರಕ್ಕೆ ಚರ್ಚೆ ಏರಿತು. ನಾನು ಗಡಿಯಾರ ನೋಡಿದೆ. ಹದಿನೈದು ನಿಮಿಷವಾಗಿತ್ತು. ಬಾನೆಟ್ ಮುಚ್ಚಿ, ಒಳಗೆ ಕುಳಿತು, ಕೀಲಿ ತಿರುಗಿಸಿದೆ. ಎಂಜಿನ್ ಚಾಲೂ ಆಯಿತು. ಎಲ್ಲರಿಗೂ ನಮಸ್ಕಾರ ಹೇಳಿ ಹೊರಟೆ.

ತಿರುವಿನಲ್ಲಿ ಕನ್ನಡಿಯೊಳಗೆ ನೋಡಿದೆ. ಹವಾಲ್ದಾರರು ಅಂಗೈಗೆ ಗುದ್ದಿ ಏನೋ ವಾದಿಸುತ್ತಿದ್ದರು. ಕಾರು ಹೋದದ್ದನ್ನು ಇನ್ನೂ ಯಾರೂ ಗಮನಿಸಿರಲಿಲ್ಲ.

೫. ತಪಾಸಣೆ

ತಪಾಸಣೆಯ ಮೈದಾನಕ್ಕೆ ಬೆಳಿಗ್ಗೆಯೇ ಹೋದೆವು. ಉಸ್ತಾದ್ ಹಿಂದಿನ ಸೀಟಿನಲ್ಲಿ, ಜೇಬಿನಲ್ಲಿ ಸ್ಕ್ರೂಡ್ರೈವರ್. ಸ್ವಲ್ಪ ಹೊತ್ತಿಗೆ ತಮ್ಮನೂ ಬಂದ. ಜತೆಗೆ ಆ ಹೋಟೆಲಿನ ಮ್ಯಾನೇಜರರು. ಅವರು ನಮಸ್ಕರಿಸಿ, ಅಳತೆಯ ಟೇಪನ್ನು ತೆಗೆದು, ಒಂದು ಹೆಡ್‌ಲೈಟಿನಿಂದ ಇನ್ನೊಂದರವರೆಗೆ ಎಳೆದರು.

"ಸುಮ್ನೆ ಮೇಡಂ, ಗೋಡೆಗೆ ಕೂರುತ್ತಾ ಅಂತ."

ಕಟ್ಟಿಹಾಕಿದ ಹಸುವನ್ನು ಕಸಾಯಿಯವನು ತಡವಿದಂತೆ ಅನಿಸಿತು.

ಸಾಲಿನಲ್ಲಿ ಮೂರು ಗಂಟೆ ಕಾದೆವು. ಎಂಜಿನ್ ಪೂರ್ತಿ ತಣ್ಣಗಾಯಿತು. ಕೊನೆಗೆ ಇನ್‌ಸ್ಪೆಕ್ಟರರು ಬಂದರು. ನಲವತ್ತರ ಆಸುಪಾಸು, ಕಪ್ಪು ಕನ್ನಡಕ. ಕಾರನ್ನು ಒಂದು ಸುತ್ತು ಹಾಕಿ, ಮುಖ ಅರಳಿಸಿದರು.

"ಇಳೀರಿ ಮೇಡಂ, ನಾನೇ ಸ್ಟಾರ್ಟ್ ಮಾಡ್ತೀನಿ. ನಮ್ ತಾತನ ಹತ್ರ ಇಂಥದ್ದೇ ಇತ್ತು."

"ಪೆಡಲನ್ನು ಒಂದೇ ಸಲ ಒತ್ತಿ," ಎಂದೆ.

"ಗೊತ್ತು ಗೊತ್ತು," ಎಂದು ಅವರು ಒಳಗೆ ಕುಳಿತು ಒತ್ತತೊಡಗಿದರು. ನಾನು ಎಣಿಸಿದೆ. ಎಂಟು ಸಲ. ಪೆಟ್ರೋಲಿನ ವಾಸನೆ ಮೈದಾನಕ್ಕೆಲ್ಲ ಹರಡಿತು. ಕೀಲಿ ತಿರುಗಿಸಿದರು, ಎಂಜಿನ್ ನರಳಿತು. ಮತ್ತೆ ತಿರುಗಿಸಿದರು, ನರಳುವಿಕೆ ಇನ್ನೂ ನಿಧಾನವಾಯಿತು. ಮೂರನೆಯ ಸಲಕ್ಕೆ ಉಸ್ತಾದ್ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಬ್ಯಾಟ್ರೀಲಿ ಇನ್ನೊಂದೇ ಸ್ಟಾರ್ಟ್ ಇದೆ ಮೇಡಂ."

ಇನ್‌ಸ್ಪೆಕ್ಟರರು ಕೈ ಅಲ್ಲಾಡಿಸಿದರು. "ಎಂಜಿನ್ ಡೆಡ್ ಮೇಡಂ. ಸಾರಿ. ಫೇಲ್ ಅಂತ ಬರೀಬೇಕಾಗುತ್ತೆ." ಜೇಬಿನಿಂದ ಪೆನ್ನು ತೆಗೆದರು. ನನ್ನ ತಮ್ಮ ನೆಲ ನೋಡಿದ. ಮ್ಯಾನೇಜರರ ಟೇಪು ಕರ್ರೆಂದು ಬಿಚ್ಚಿಕೊಂಡಿತು.

ಆಮೇಲೆ ನಡೆದದ್ದು ನಾನು ಯೋಚಿಸಿ ಮಾಡಿದ್ದಲ್ಲ. ಮೂವತ್ತು ವರ್ಷದ ಅಭ್ಯಾಸ.

"ಪೆನ್ನು ಕೆಳಗಿಡಿ," ಎಂದೆ.

ಅವರು ಇಟ್ಟರು.

"ಎಂಟು ಸಲ ಒತ್ತಿದಿರಿ. ಹೇಳಿದ್ದು ಎಷ್ಟು ಸಲ?"

"ಒಂದ್ಸಲ ಮೇಡಂ."

"ಹತ್ತು ನಿಮಿಷ ಏನನ್ನೂ ಮುಟ್ಟದೆ ಕುಳಿತುಕೊಳ್ಳಿ."

ಅವರು ಸ್ಟೀರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ತಿರುಗಿ ನೋಡಿದೆ. ನಿಲ್ಲಿಸಿದ. ಇಡೀ ಸಾಲಿನಲ್ಲಿ ಪರೀಕ್ಷಾ ಕೊಠಡಿಯ ಮೌನ. ಯಾರೋ ಕೆಮ್ಮಿ, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದರು. ಹತ್ತು ನಿಮಿಷ ತುಂಬಿದ ಮೇಲೆ ಕಿಟಕಿಯ ಬಳಿ ಹೋದೆ.

"ಈಗ ಪೆಡಲನ್ನು ನೆಲದವರೆಗೆ ಒತ್ತಿ ಹಿಡಿಯಿರಿ. ಬಿಡಬೇಡಿ. ಹಾಗೆ ಹಿಡಿದರೆ ಮುಚ್ಚಳ ತೆರೆದು, ಹೆಚ್ಚಾದ ಪೆಟ್ರೋಲು ಹೊರಗೆ ಹೋಗುತ್ತದೆ. ಕೀಲಿ."

ಎಂಜಿನ್ ಒಮ್ಮೆ ತಿರುಗಿತು. ಎರಡು ಸಲ. ಮೂರನೆಯ ಸುತ್ತಿನಲ್ಲಿ, ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಚಾಲೂ ಆಯಿತು! ಒಂದು ಮೋಡದಷ್ಟು ಹೊಗೆ ಕಾರಿ, ಗುಡುಗಿ, ಕ್ರಮೇಣ ಇಳಿದು, ಊಟವಾದ ಬೆಕ್ಕಿನಂತೆ ಹಿತವಾಗಿ ಗುರುಗುಟ್ಟತೊಡಗಿತು. ನಾನು ಕಾರಿಗೆ ಒರಗಿಕೊಂಡೆ. ಲಾರಿಯವನು ಚಪ್ಪಾಳೆ ತಟ್ಟಿದ. ಉಸ್ತಾದ್ ಆಕಾಶದತ್ತ ಎರಡೂ ಕೈ ಎತ್ತಿದರು. ನನ್ನ ತಮ್ಮ ಮ್ಯಾನೇಜರರ ಕೈಯಿಂದ ಟೇಪನ್ನು ತೆಗೆದುಕೊಂಡು, ತಾನೇ ನೀಟಾಗಿ ಸುತ್ತಿ, ಅವರ ಜೇಬಿನಲ್ಲಿಟ್ಟು ಬೆನ್ನು ತಟ್ಟಿದ. ಆಗಲೇ ನನಗೆ ತಿಳಿದದ್ದು, ಈ ಒಂದು ತಿಂಗಳು ಅವನೂ ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂದು.

ಇನ್‌ಸ್ಪೆಕ್ಟರರು ಇಳಿದರು. ಹಣೆಯಲ್ಲಿ ಬೆವರು, ಕನ್ನಡಕ ಕೈಯಲ್ಲಿ. ಅರ್ಜಿ ಅವರದೇ ಕಂಕುಳಲ್ಲಿತ್ತು, ಮೊಹರು ಅವರದೇ ಮೇಜಿನ ಮೇಲಿತ್ತು. ಆದರೂ ಕೈಕಟ್ಟಿ ನನ್ನ ಮುಂದೆ ನಿಂತು, ಮೆಲ್ಲಗೆ ಕೇಳಿದರು:

"ಮೇಡಂ... ನಾನು ಪಾಸಾ?"